ಕರುಳಿನ ಆಪರೇಷನ್, ಗ್ಯಾಸ್ ಇಲ್ಲದ ಅರಿವಳಿಕೆ: ನನ್ನ ಅನುಭವ

"ಸಂಪಾಜೆ ಘಾಟಿ ಇಳಿಯುವಾಗ ಬಸ್ಸಲ್ಲಿ ವಾಂತಿ ಬರುತ್ತಾ?"

ಕರುಳಿನ ಆಪರೇಷನ್‌ಗೆ ದಾಖಲಾದವರನ್ನು ಹಿಂದಿನ ದಿನ ವಾರ್ಡಿನಲ್ಲಿ ನೋಡಲು ಹೋದಾಗ, ಅರಿವಳಿಕೆ ಕೊಡುವ ವೈದ್ಯನಾಗಿ ನಾನು ತಪ್ಪದೆ ಕೇಳುವ ಪ್ರಶ್ನೆ ಇದು. ಬಿಪಿ, ಶುಗರ್, ಉಬ್ಬಸ ಕೇಳಿದರೆ ಜನರಿಗೆ ಅರ್ಥವಾಗುತ್ತದೆ. ಬಸ್ಸಿನ ವಿಷಯ ಯಾಕೆ ಬಂತು ಅಂತ ಮುಖ ನೋಡುತ್ತಾರೆ. ಆದರೆ ಮಡಿಕೇರಿಯಲ್ಲಿ ಈ ಪ್ರಶ್ನೆಗೆ ಯಾರೂ ಯೋಚಿಸಿ ಉತ್ತರ ಹೇಳಬೇಕಾಗಿಲ್ಲ. ಸುತ್ತ ಎಲ್ಲಿಗೆ ಹೋದರೂ ತಿರುವುಗಳೇ ಅಲ್ವಾ. "ಅಯ್ಯೋ ಡಾಕ್ಟ್ರೇ, ಕಿಟಕಿ ಸೀಟು ಸಿಗದಿದ್ದರೆ ನಾನು ಹತ್ತುವುದೇ ಇಲ್ಲ" ಅಂದವರ ಕೇಸ್ ಶೀಟಿನ ಮೇಲೆ ಅಲ್ಲೇ ಒಂದು ಗುರುತು ಹಾಕುತ್ತೇನೆ.

ಇದು ನಾನು ಕಟ್ಟಿದ ಲೆಕ್ಕವಲ್ಲ. ಆಪರೇಷನ್ ಆದ ಮೇಲೆ ಯಾರಿಗೆ ವಾಂತಿ ಜಾಸ್ತಿ ಅನ್ನುವುದಕ್ಕೆ ಜರ್ಮನಿಯ ಆಫೆಲ್ ಮತ್ತು ಅವರ ಜೊತೆಗಾರರು 1999ರಲ್ಲಿ ಒಂದು ಸರಳ ಅಂಕಪಟ್ಟಿ ಕೊಟ್ಟರು. ಹೆಂಗಸಾಗಿದ್ದರೆ ಒಂದು. ಸಿಗರೇಟ್ ಸೇದದವರಾದರೆ ಒಂದು. ಹಿಂದೆ ಆಪರೇಷನ್ ಆದಾಗಲೋ ಪ್ರಯಾಣದಲ್ಲೋ ವಾಂತಿಯಾಗಿದ್ದರೆ ಒಂದು. ಆಪರೇಷನ್ ನಂತರ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾಗುವುದಾದರೆ ಇನ್ನೊಂದು. ನಾಲ್ಕೂ ಸೇರಿದರೆ ವಾಂತಿಯ ಸಾಧ್ಯತೆ ಶೇಕಡಾ 80ರ ಹತ್ತಿರ. ದೊಡ್ಡ ಕರುಳಿನ ಆಪರೇಷನ್ ಆಗುವ ನಮ್ಮ ಹೆಂಗಸರಲ್ಲಿ ಮೂರು ಅಂಕ ಸುಮ್ನೆ ಬಂದುಬಿಡುತ್ತದೆ. ಘಾಟಿ ನಾಲ್ಕನೆಯದನ್ನು ತುಂಬುತ್ತದೆ.

ಹೊಟ್ಟೆಯ ಮೇಲೆ ಉದ್ದಕ್ಕೆ ಹೊಲಿಗೆ ಹಾಕಿಸಿಕೊಂಡವರಿಗೆ ವಾಂತಿ ಅಂದರೆ ಎಷ್ಟು ನೋವು ಅಂತ ಹೇಳಬೇಕಾಗಿಲ್ಲ. ಅದಕ್ಕಿಂತ ಮುಖ್ಯ, ವಾಂತಿ ಮಾಡುವವರು ಏನನ್ನೂ ತಿನ್ನುವುದಿಲ್ಲ, ಎದ್ದು ಓಡಾಡುವುದಿಲ್ಲ. ಹೊಟ್ಟೆಯಲ್ಲಿ ಇರುವುದನ್ನು ಹೊರಗೆ ತೆಗೆಯಲು ಮೂಗಿನಿಂದ ಮತ್ತೆ ರೈಲ್ಸ್ ಟ್ಯೂಬ್ ಹಾಕಬೇಕಾಗುತ್ತದೆ. ಕರುಳು ಇನ್ನಷ್ಟು ಸೋಮಾರಿಯಾಗುತ್ತದೆ. ಉಸಿರಿನ ಮೂಲಕ ಕೊಡುವ ಅರಿವಳಿಕೆಯ ಗ್ಯಾಸ್ ಬಿಟ್ಟು, ಪ್ರೊಪೊಫಾಲ್ ಅನ್ನುವ ಔಷಧಿಯನ್ನು ಪಂಪಿನಿಂದ ರಕ್ತನಾಳಕ್ಕೆ ಬಿಡುವ ಅರಿವಳಿಕೆಗೆ ನಾನು ಬಂದದ್ದು ಈ ಒಂದು ಕಾರಣಕ್ಕೆ. ಉಳಿದ ಲಾಭಗಳ ಮಾತೆಲ್ಲ ಆಮೇಲೆ.

2004ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ನನಗೆ ದಾರಿ ತೋರಿಸಿತು. 5,000ಕ್ಕೂ ಹೆಚ್ಚು ರೋಗಿಗಳು. ವಾಂತಿ ತಡೆಯುವ ಒಂದೊಂದು ಔಷಧಿಯೂ ಸುಮಾರು ಶೇ. 26ರಷ್ಟು ಅಪಾಯ ಕಡಿಮೆ ಮಾಡಿತು. ಗ್ಯಾಸಿನ ಬದಲು ಪ್ರೊಪೊಫಾಲ್ ಕೊಟ್ಟಾಗ ಶೇ. 19, ಜೊತೆಗೆ ಬೆರೆಸುವ ನೈಟ್ರಸ್ ಆಕ್ಸೈಡ್ ಅನ್ನುವ ಇನ್ನೊಂದು ಗ್ಯಾಸ್ ಬಿಟ್ಟಾಗ ಶೇ. 12 ಇಳಿಯಿತು. ಅಂದರೆ ಅರಿವಳಿಕೆಯ ವಿಧಾನ ಬದಲಿಸುವುದರಿಂದಲೇ ಒಂದು ವಾಂತಿ ಇಂಜೆಕ್ಷನ್‌ನಷ್ಟು ಲಾಭ ಸಿಕ್ಕಿತು. ಇದರ ಮೇಲೆ ವಾಂತಿ ತಡೆಯುವ ಡೆಕ್ಸಾಮೆಥಸೋನ್, ಒಂಡಾನ್ಸೆಟ್ರಾನ್ ಎರಡನ್ನೂ ಕೊಡುತ್ತೇನೆ. ಒಂದನ್ನೇ ನಂಬಿ ಕೂರುವುದಿಲ್ಲ.

ನೈಟ್ರಸ್ ವಿಷಯ ಬಂತಲ್ಲ, ಅದನ್ನೂ ಇಲ್ಲೇ ಮುಗಿಸುತ್ತೇನೆ. ಕರುಳಿನೊಳಗೆ ಇರುವ ಗಾಳಿಯಲ್ಲಿ ನೈಟ್ರೋಜನ್ ಇರುತ್ತದೆ. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ಅದಕ್ಕಿಂತ 30 ಪಟ್ಟು ಹೆಚ್ಚು ಕರಗುತ್ತದೆ. ಹಾಗಾಗಿ ನೈಟ್ರೋಜನ್ ಹೊರಗೆ ಬರುವುದಕ್ಕಿಂತ ಬೇಗ ನೈಟ್ರಸ್ ಒಳಗೆ ನುಗ್ಗುತ್ತದೆ. ಕರುಳು ಉಬ್ಬುತ್ತದೆ. ಇದನ್ನು 1965ರಲ್ಲೇ ಈಗರ್ ಮತ್ತು ಸೈಡ್‌ಮನ್ ತೋರಿಸಿಕೊಟ್ಟಿದ್ದರು. 2014ರಲ್ಲಿ ಬಂದ ಎನಿಗ್ಮಾ-2 ಅಧ್ಯಯನ, ನೈಟ್ರಸ್‌ನಿಂದ ಹೃದಯಕ್ಕೆ ತೊಂದರೆ ಹೆಚ್ಚುವುದಿಲ್ಲ ಅಂದಿತು. ಸರಿ, ಹಾಗಂತ ಕರುಳಿನ ಕೇಸಿಗೆ ಅದು ಬೇಕು ಅಂತೇನಿಲ್ಲ. ಮೂರು ಗಂಟೆಯಾದ ಮೇಲೆ ಸರ್ಜನ್ "ಹೊಟ್ಟೆ ಮುಚ್ಚಲು ಆಗುತ್ತಿಲ್ಲ, ಕರುಳು ಮೇಲೆ ಮೇಲೆ ಬರ್ತಿದೆ" ಅಂತ ಗೊಣಗುವುದನ್ನು ಕೇಳಿದವರಿಗೆ ನನ್ನ ಮಾತು ಅರ್ಥವಾಗುತ್ತದೆ.

ಇನ್ನು ಪ್ರೊಪೊಫಾಲ್. ಬೆಳ್ಳಗಿನ ಔಷಧಿ, ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್‌ನಲ್ಲಿ ಬೆರೆಸಿದ್ದು. ಇದನ್ನು ಕಂಡುಹಿಡಿಯುವುದರಲ್ಲಿ ಮುಂದೆ ನಿಂತವರು ಜಾನ್ ಗ್ಲೆನ್. ಅವರು ಮೂಲತಃ ಪಶುವೈದ್ಯರು. 1986ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. 2018ರಲ್ಲಿ ಅವರಿಗೆ ಲ್ಯಾಸ್ಕರ್ ಪ್ರಶಸ್ತಿ ಸಿಕ್ಕಿತು. ಎಣ್ಣೆಯ ಅಂಶ ಇರುವುದರಿಂದ ಬ್ಯಾಕ್ಟೀರಿಯಾಗಳಿಗೆ ಇದು ಒಳ್ಳೆಯ ಊಟ. ಒಬ್ಬರಿಗೆ ತೆರೆದ ಬಾಟಲಿ ಇನ್ನೊಬ್ಬರಿಗೆ ಇಲ್ಲ. ಅರ್ಧ ಉಳಿದಿದ್ದರೂ ಚೆಲ್ಲುತ್ತೇನೆ. ಸ್ಟೋರಿನವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ನಮ್ಮಲ್ಲಿ ಮೊದಲು ಟಿಸಿಐ ಪಂಪ್ ಇರಲಿಲ್ಲ. ಅಂದರೆ ರೋಗಿಯ ತೂಕ, ವಯಸ್ಸು ಹಾಕಿದರೆ ರಕ್ತದಲ್ಲಿ ಇಷ್ಟು ಮಟ್ಟ ಇರಬೇಕು ಅಂತ ತಾನೇ ಲೆಕ್ಕ ಹಾಕಿ ಓಡುವ ಪಂಪ್. ಐಸಿಯುನಲ್ಲಿ ಇರುವ ಸಾದಾ ಸಿರಿಂಜ್ ಪಂಪಿನಲ್ಲೇ ಶುರುಮಾಡಿದೆ. ಅದಕ್ಕೆ 1988ರಲ್ಲಿ ಬ್ರಿಸ್ಟಲ್‌ನ ವೈದ್ಯರು ಕೊಟ್ಟ ಲೆಕ್ಕ ಸಾಕು. ಮೊದಲು ಕೆಜಿಗೆ 1 ಮಿಲಿಗ್ರಾಂ. ಆಮೇಲೆ ಗಂಟೆಗೆ ಕೆಜಿಗೆ 10 ಮಿಲಿಗ್ರಾಂನಂತೆ ಹತ್ತು ನಿಮಿಷ, 8ರಂತೆ ಹತ್ತು ನಿಮಿಷ, ಅಲ್ಲಿಂದ ಮುಂದೆ 6. ಯಾಕೆ ಇಳಿಸುತ್ತಾ ಹೋಗಬೇಕು ಅಂದರೆ, ಶುರುವಿನಲ್ಲಿ ಮೈಯ ಮಾಂಸಖಂಡ, ಕೊಬ್ಬು ಎಲ್ಲ ಔಷಧಿಯನ್ನು ಎಳೆದುಕೊಳ್ಳುತ್ತವೆ. ಅವು ತುಂಬುತ್ತಾ ಬಂದ ಹಾಗೆ ಕಡಿಮೆ ಸಾಕಾಗುತ್ತದೆ.

60 ಕೆಜಿ ತೂಕದವರ ಲೆಕ್ಕ ಹೇಳುತ್ತೇನೆ. ಔಷಧಿ ಒಂದು ಎಂಎಲ್‌ಗೆ 10 ಮಿಲಿಗ್ರಾಂ. ಹಾಗಾದರೆ ಮೊದಲ ಡೋಸ್ 6 ಎಂಎಲ್. ಆಮೇಲೆ ಪಂಪಿನಲ್ಲಿ ಗಂಟೆಗೆ 60, ಮತ್ತೆ 48, ಮತ್ತೆ 36 ಎಂಎಲ್. 50 ಎಂಎಲ್ ಸಿರಿಂಜ್ ಸುಮಾರು ಒಂದು ಗಂಟೆಗೆ ಖಾಲಿ. ಇದು ಯಾಕೆ ಮುಖ್ಯ ಅಂದರೆ, ಸಿರಿಂಜ್ ಮುಗಿದು ಹೊಸದು ತುಂಬುವ ಹೊತ್ತಿನಲ್ಲಿ ರೋಗಿಗೆ ಏನೂ ಹೋಗುತ್ತಿರುವುದಿಲ್ಲ. ಗ್ಯಾಸಿನಲ್ಲಾದರೆ ಔಷಧಿಯನ್ನು ಆವಿ ಮಾಡುವ ವೇಪರೈಸರ್ ತುಂಬಿಸಿಟ್ಟರೆ ಆಯಿತು. ಇಲ್ಲಿ ನಾನು ಎರಡನೇ ಸಿರಿಂಜನ್ನು ತುಂಬಿ, ಹೆಸರು ಚೀಟಿ ಅಂಟಿಸಿ, ಪಕ್ಕದ ಪಂಪಿಗೆ ಕೂರಿಸಿಯೇ ಇಟ್ಟಿರುತ್ತೇನೆ.

ಬ್ರಿಸ್ಟಲ್ ಲೆಕ್ಕವನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ ಅನ್ನುವುದನ್ನೂ ಹೇಳಬೇಕು. ಅವರು ಜೊತೆಗೆ ನೈಟ್ರಸ್ ಕೊಟ್ಟಿದ್ದರು. ನಾನು ಕೊಡುವುದಿಲ್ಲ. ಹಾಗಾಗಿ ಮೊದಲ ಡೋಸ್ ನನ್ನಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ, ನೋವಿಗೆ ಫೆಂಟಾನಿಲ್ ಆಗಾಗ ಸೇರಿಸುತ್ತೇನೆ, ಮಂಪರು ತರುವ ಡೆಕ್ಸ್‌ಮೆಡಿಟೊಮಿಡಿನ್ ಸಣ್ಣ ಪ್ರಮಾಣದಲ್ಲಿ ಓಡಿಸುತ್ತೇನೆ. ಡೆಕ್ಸ್‌ಮೆಡಿಟೊಮಿಡಿನ್ ನಾಡಿಯನ್ನು ಇಳಿಸುತ್ತದೆ. ನಾಡಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಮೊದಲೇ ತಿನ್ನುತ್ತಿರುವ ಹಿರಿಯರಿಗೆ ಅದನ್ನು ಮುಟ್ಟುವುದಿಲ್ಲ. ಎಪ್ಪತ್ತು ದಾಟಿದವರಿಗೆ ಪ್ರೊಪೊಫಾಲ್ ಲೆಕ್ಕವೇ ಬೇರೆ, ಶುರುವಿನಿಂದಲೇ ಕಡಿಮೆ, ನಿಧಾನ. ಇನ್ನೊಂದು ಕಡೆ, ದಿನಾ ಸಂಜೆ ಎರಡು ಪೆಗ್ ಹಾಕುವವರಿಗೆ ಲೆಕ್ಕ ಮೇಲೆ ಹೋಗುತ್ತದೆ. ಕೊಡಗಿನಲ್ಲಿ ಈ ವಿಷಯ ಕೇಳುವುದು ಸುಲಭ. ಬೇರೆ ಕಡೆ ಕೆಲಸ ಮಾಡುವಾಗ "ಇಲ್ಲ ಸಾರ್, ಯಾವಾಗಲೋ ಹಬ್ಬಕ್ಕೆ" ಅನ್ನುತ್ತಿದ್ದರು. ಇಲ್ಲಿ ನೇರವಾಗಿ ಎಷ್ಟು, ಯಾವ ಬ್ರಾಂಡ್ ಅಂತಲೇ ಹೇಳುತ್ತಾರೆ. ನನಗೆ ಅದೇ ಬೇಕಾದದ್ದು.

ಟಿಸಿಐ ಪಂಪ್ ಬಂದ ಮೇಲೆ ಕೆಲಸ ಹಗುರವಾಯಿತು. 1991ರ ಮಾರ್ಷ್ ಲೆಕ್ಕ, 1998ರ ಶ್ನೈಡರ್ ಲೆಕ್ಕ ಎರಡೂ ಅದರೊಳಗೆ ಇವೆ. ಹಿರಿಯರಿಗೆ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಶ್ನೈಡರ್ ಹಾಕುತ್ತೇನೆ. ಆದರೆ ಯಾವ ಲೆಕ್ಕವೂ ಎದುರಿಗೆ ಮಲಗಿರುವ ಮನುಷ್ಯನನ್ನು ನೋಡಿ ಬರೆದದ್ದಲ್ಲ. ಮಂಪರು ಎಷ್ಟು ಆಳ ಅಂತ ಮಿದುಳಿನ ಅಲೆಗಳಿಂದ ಅಂಕೆಯಲ್ಲಿ ತೋರಿಸುವ ಬಿಸ್ ಪಟ್ಟಿಯನ್ನು ಹಣೆಗೆ ಅಂಟಿಸಿ, ಅಂಕೆ 40ರಿಂದ 60ರ ನಡುವೆ ಇರುವ ಹಾಗೆ ಔಷಧಿ ಏರಿಸಿ ಇಳಿಸುತ್ತೇನೆ. ಆ ಪಟ್ಟಿ ದುಬಾರಿ. ಆದರೂ ಸ್ನಾಯು ಸಡಿಲಿಸುವ ಔಷಧಿ ಕೊಟ್ಟ ಮೇಲೆ ರೋಗಿ ಎಚ್ಚರವಾದರೂ ಬೆರಳು ಅಲ್ಲಾಡಿಸಲು ಆಗುವುದಿಲ್ಲ. ಗ್ಯಾಸಿನಲ್ಲಿ ರೋಗಿ ಉಸಿರು ಬಿಟ್ಟಾಗ ಎಷ್ಟು ಶೇಕಡಾ ಇದೆ ಅಂತ ಮಾನಿಟರ್ ತೋರಿಸುತ್ತದೆ. ಪ್ರೊಪೊಫಾಲ್‌ಗೆ ಅಂಥ ಕನ್ನಡಿ ನಮ್ಮ ಓಟಿಯಲ್ಲಿ ಇಲ್ಲ. ಈ ಜಾಗದಲ್ಲಿ ಉಳಿತಾಯ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಆಪರೇಷನ್ ನಡುವೆ ಎಚ್ಚರವಾದವರ ಬಗ್ಗೆ 2014ರಲ್ಲಿ ಎನ್‌ಎಪಿ-5 ಅನ್ನುವ ದೊಡ್ಡ ವರದಿ ಬಂತು. ಈ ಪಂಪಿನ ವಿಧಾನದಲ್ಲಿ ಎಚ್ಚರವಾದ ಪ್ರಕರಣಗಳಲ್ಲಿ ಬಹುತೇಕ ಕಡೆ ಬೇಕಾದಷ್ಟು ಔಷಧಿ ರೋಗಿಗೆ ತಲುಪಿರಲೇ ಇಲ್ಲ. ಪೈಪ್ ಬಿಚ್ಚಿಕೊಂಡದ್ದು, ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಹೊರಗೆ ಬಂದದ್ದು, ಇಂಥವೇ.

ಅದಕ್ಕೇ ನಾನು ಅತಿ ಹೆಚ್ಚು ಗಮನ ಕೊಡುವುದು ಕ್ಯಾನುಲಾಕ್ಕೆ. ಲ್ಯಾಪರೊಸ್ಕೋಪಿಯಲ್ಲಿ ಗುದನಾಳದ ಆಪರೇಷನ್ ಮಾಡುವಾಗ ತಲೆ ಕೆಳಗೆ, ಕಾಲು ಮೇಲೆ ಮಾಡಿ ಮಲಗಿಸುತ್ತಾರೆ. ಎರಡೂ ಕೈ ಮೈಗೆ ಒತ್ತಿ ಬಟ್ಟೆಯಲ್ಲಿ ಸುತ್ತುತ್ತಾರೆ, ಮೇಲೆ ಹಸಿರು ಬಟ್ಟೆ ಮುಚ್ಚುತ್ತಾರೆ. ಕ್ಯಾನುಲಾ ಎಲ್ಲಿದೆ ಅಂತಲೇ ಕಾಣುವುದಿಲ್ಲ. ನಾನು ಸರ್ಜನ್ ಹತ್ತಿರ ಮೊದಲೇ ಮಾತಾಡಿ ಒಂದು ಕೈ ಹೊರಗೆ ಉಳಿಸಿಕೊಳ್ಳುತ್ತೇನೆ. ಅದು ಆಗದಿದ್ದರೆ ಮುಂಗೈಯಲ್ಲಿ ಕ್ಯಾನುಲಾ ಹಾಕುತ್ತೇನೆ. ಮಣಿಕಟ್ಟಿನಲ್ಲೂ ಮೊಣಕೈ ಮಡಚುವ ಜಾಗದಲ್ಲೂ ಬೇಡ. ಒಳಗೆ ಸೇರಿಸಿದ ಮೇಲೆ ಸಲೈನ್ ಬಾಟಲಿಯನ್ನು ಕೈಗಿಂತ ಕೆಳಗೆ ಇಳಿಸಿ, ಪೈಪಿನಲ್ಲಿ ರಕ್ತ ವಾಪಸ್ ಬರುತ್ತದಾ ನೋಡುತ್ತೇನೆ. ಅದರ ಮೇಲೆ ಪಾರದರ್ಶಕ ಪ್ಲಾಸ್ಟರ್. ಪ್ರೊಪೊಫಾಲ್ ಹೋಗುವ ಪೈಪನ್ನು ತಿರುಪಿನಂತೆ ಬಿಗಿಯಾಗುವ ಲೂಯರ್ ಲಾಕ್ ಇರುವುದನ್ನೇ ಹಾಕುತ್ತೇನೆ. ರಕ್ತ ವಾಪಸ್ ಬರುವುದನ್ನು ನೋಡಿದ ಮೇಲೆ ಡ್ರಿಪ್ಪಿನ ಪೈಪಿಗೆ ಒಂದೇ ಕಡೆ ಹರಿಯುವ ವಾಲ್ವ್ ಹಾಕಬೇಕು. ಇಲ್ಲದಿದ್ದರೆ ಎಲ್ಲೋ ಮಡಚಿಕೊಂಡಾಗ ಪ್ರೊಪೊಫಾಲ್ ರೋಗಿಯ ಕಡೆಗೆ ಹೋಗುವ ಬದಲು ಬಾಟಲಿಯ ಕಡೆಗೆ ಏರುತ್ತದೆ. ಪಂಪ್ ಸದ್ದಿಲ್ಲದೆ ಓಡುತ್ತಲೇ ಇರುತ್ತದೆ. ಬಟ್ಟೆ ಮುಚ್ಚುವ ಮುಂಚೆ ಕೊನೆಯ ಸಲ ಬೆರಳಿನಿಂದ ಆ ಜಾಗ ಮುಟ್ಟಿ ನೋಡುತ್ತೇನೆ, ಊದಿಕೊಂಡಿದೆಯಾ, ತಣ್ಣಗಿದೆಯಾ ಅಂತ. ನಮ್ಮ ಓಟಿ ಸಿಸ್ಟರ್ ಈಗ ನಾನು ಹೇಳುವ ಮೊದಲೇ "ಸಾರ್, ಕೈ ನೋಡಿದ್ರಾ?" ಅಂತ ಕೇಳುತ್ತಾರೆ.

ಕರೆಂಟಿನ ವಿಷಯ ಬೇರೆ ಊರಿನ ಸ್ನೇಹಿತರಿಗೆ ಅಷ್ಟಾಗಿ ತಲೆಗೆ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ರಸ್ತೆ, ಕರೆಂಟು ಎರಡೂ ಒಟ್ಟಿಗೆ ಹೋದರೆ ಹೇಗಿರುತ್ತದೆ ಅಂತ ಗೊತ್ತು. ಜನರೇಟರ್ ಇದೆ, ಆದರೆ ಅದು ಹತ್ತಿಕೊಳ್ಳುವವರೆಗೆ ಪಂಪ್ ತನ್ನ ಬ್ಯಾಟರಿಯಲ್ಲೇ ಓಡಬೇಕು. ಹಳೆಯ ಬ್ಯಾಟರಿ ಪೂರ್ತಿ ಚಾರ್ಜ್ ಅಂತ ತೋರಿಸಿ ಎರಡೇ ನಿಮಿಷದಲ್ಲಿ ಕೈಕೊಡುತ್ತದೆ. ಹಾಗಾಗಿ ಮಳೆಗಾಲ ಶುರುವಾಗುವ ಮೊದಲು ಎಲ್ಲ ಪಂಪುಗಳ ಪ್ಲಗ್ ಕಿತ್ತು, ಸಲೈನ್ ತುಂಬಿದ ಸಿರಿಂಜ್ ಹಾಕಿ, ನಿಜಕ್ಕೂ ಎಷ್ಟು ಹೊತ್ತು ಓಡುತ್ತದೆ ಅಂತ ನೋಡಿ ಪಂಪಿನ ಬೆನ್ನ ಮೇಲೆ ಬರೆಯುತ್ತೇವೆ. ಐಸೋಫ್ಲುರೇನ್ ಅನ್ನುವ ಅರಿವಳಿಕೆ ಗ್ಯಾಸಿನ ವೇಪರೈಸರ್‌ಗೆ ಕರೆಂಟು ಬೇಡ. ಪಂಪಿನ ಕೇಸ್ ಇದ್ದ ದಿನವೂ ಅದನ್ನು ತುಂಬಿಸಿಯೇ ಇಟ್ಟಿರುತ್ತೇನೆ. ಗ್ಯಾಸನ್ನು ಬೈಯುತ್ತಲೇ ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ತಮಾಷೆಯಾಗಿ ಕಾಣಬಹುದು, ಕಾಣಲಿ.

ತೆರೆದ ಹೊಟ್ಟೆಯ ಆಪರೇಷನ್‌ನಲ್ಲಿ ಇನ್ನೊಂದು ಹೊತ್ತು ಇದೆ. ಸರ್ಜನ್ ಕರುಳನ್ನು ಹಿಡಿದು ಹೊರಗೆ ಎಳೆದ ಸ್ವಲ್ಪ ಹೊತ್ತಿನಲ್ಲಿ ರೋಗಿಯ ಮುಖ ಕೆಂಪಗಾಗುತ್ತದೆ, ಬಿಪಿ ಇಳಿಯುತ್ತದೆ, ನಾಡಿ ಏರುತ್ತದೆ. ಕರುಳಿನ ಪೊರೆ ಎಳೆದಾಗ ಪ್ರೊಸ್ಟಾಸೈಕ್ಲಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ ರಕ್ತನಾಳಗಳು ಹಿಗ್ಗುವುದರಿಂದ ಹೀಗೆ. ಬಿಪಿ ಇಳಿಯಿತು ಅಂತ ಗಾಬರಿಯಿಂದ ಪ್ರೊಪೊಫಾಲ್ ಅರ್ಧಕ್ಕೆ ಇಳಿಸುವವರಿದ್ದಾರೆ. ನಾನು ಮೊದಲು ಬಿಸ್ ಅಂಕೆ ನೋಡುತ್ತೇನೆ. ಅದು 50ರ ಹತ್ತಿರ ಇದ್ದರೆ ಪ್ರೊಪೊಫಾಲ್ ಅಲ್ಲೇ ಇರಲಿ, ಬಿಪಿ ಏರಿಸುವ ಮೆಫೆಂಟರ್ಮಿನ್ 6 ಮಿಲಿಗ್ರಾಂ ಕೊಟ್ಟು ಕಾಯುತ್ತೇನೆ. ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಕರುಳು ಕಟ್ಟಿಕೊಂಡು ಎರಡು ಮೂರು ದಿನ ಮನೆಮದ್ದು ಮಾಡಿ ಬರುವವರ ಕತೆ ಬೇರೆ. ಎಸ್ಟೇಟ್ ಲೈನಿನಿಂದ ರಾತ್ರಿ ಜೀಪಿನಲ್ಲಿ ಬರುತ್ತಾರೆ. ಹೊಟ್ಟೆ ಗಟ್ಟಿ, ನಾಲಿಗೆ ಒಣಗಿ, ಬಿಪಿ ಇಳಿದಿರುತ್ತದೆ. ಇಂಥವರಿಗೆ ಪ್ರೊಪೊಫಾಲ್ ತಳ್ಳಿದರೆ ಇದ್ದ ಬಿಪಿಯೂ ಹೋಗುತ್ತದೆ. ರೈಲ್ಸ್ ಟ್ಯೂಬಿನಿಂದ ಹೊಟ್ಟೆ ಖಾಲಿ ಮಾಡಿ, ಸಲೈನ್ ಏರಿಸಿ, ಬಿಪಿ ಅಷ್ಟಾಗಿ ಇಳಿಸದ ಕೆಟಮಿನ್‌ನಿಂದ ಮಲಗಿಸಿ, ತಡಮಾಡದೆ ಉಸಿರಿನ ಟ್ಯೂಬ್ ಹಾಕುವುದು. ಆಮೇಲೆ ಏನಿದ್ದರೂ ಸ್ವಲ್ಪ ಗ್ಯಾಸ್. ವಾಂತಿಯ ಲೆಕ್ಕ ಇಲ್ಲಿ ಬರುವುದಿಲ್ಲ, ಜೀವ ಉಳಿಯಬೇಕು.

ಮೂಲವ್ಯಾಧಿ, ಫಿಸ್ಟುಲಾಗಳಿಗೆ ಬೆನ್ನಿಗೆ ಚುಚ್ಚುವ ಸ್ಪೈನಲ್ಲೇ ಚೆನ್ನ. ಬೇಡ ಅಂತ ಹಟ ಹಿಡಿದವರಿಗೆ ಮಾತ್ರ ಪಂಪ್. ಆಪರೇಷನ್ ಚಿಕ್ಕದು ಅಂತ ಅರಿವಳಿಕೆ ಹಗುರ ಮಾಡಬೇಡಿ. ಮಂಪರು ತೆಳುವಾಗಿರುವಾಗ ಗುದದ್ವಾರ ಹಿಗ್ಗಿಸಿದರೆ ಗಂಟಲಿನ ಸ್ವರತಂತುಗಳು ಬಿಗಿಯಾಗಿ ಮುಚ್ಚಿಕೊಂಡು ಉಸಿರೇ ನಿಲ್ಲುತ್ತದೆ.

ಮರಗಟ್ಟಿಸುವ ಔಷಧಿ ಲಿಗ್ನೋಕೇನ್‌ನ ಡ್ರಿಪ್ ಬಗ್ಗೆ ಒಂದು ಮಾತು. ಆಪರೇಷನ್ ನಡುವೆ ಅದನ್ನು ರಕ್ತನಾಳಕ್ಕೆ ಕೊಟ್ಟರೆ ಕರುಳು ಬೇಗ ಎಚ್ಚರವಾಗುತ್ತದೆ ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು, ನಾನೂ ಕೊಡುತ್ತಿದ್ದೆ. ಈಚೆಗೆ ಬ್ರಿಟನ್ನಿನ ಅಲೆಗ್ರೋ ಅಧ್ಯಯನ ಬಂತು. ದೊಡ್ಡ ಕರುಳಿಗೆ ಲ್ಯಾಪರೊಸ್ಕೋಪಿಯಂಥ ಸಣ್ಣ ಗಾಯದ ಆಪರೇಷನ್ ಆದವರು, 600ರ ಹತ್ತಿರ. 72 ಗಂಟೆಯ ಹೊತ್ತಿಗೆ ಕರುಳು ಸರಿಯಾದವರ ಪ್ರಮಾಣ ಲಿಗ್ನೋಕೇನ್ ಪಡೆದವರು, ಪಡೆಯದವರು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಲಿಗ್ನೋಕೇನ್ ಜಾಸ್ತಿಯಾದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಹೊಟ್ಟೆಯ ಗೋಡೆಗೆ ಮರಗಟ್ಟಿಸುವ ಟ್ಯಾಪ್ ಬ್ಲಾಕ್ ಬೇರೆ ಕೊಡುವಾಗ ಎರಡೂ ಸೇರಿ ಮಿತಿ ಮೀರುವ ಭಯ. ಲಾಭ ಕಾಣದಿದ್ದ ಮೇಲೆ ಯಾಕೆ? ಡ್ರಿಪ್ ಬಿಟ್ಟೆ, ಟ್ಯಾಪ್ ಬ್ಲಾಕ್ ಉಳಿಸಿಕೊಂಡೆ.

ಕ್ಯಾನ್ಸರ್ ವಿಷಯದಲ್ಲಿ ಮನೆಯವರ ಹತ್ತಿರ ಬಹಳ ಎಚ್ಚರದಿಂದ ಮಾತಾಡಬೇಕಾಗುತ್ತದೆ. ಗುದನಾಳದ ಕ್ಯಾನ್ಸರ್ ಇದ್ದ ಒಬ್ಬರ ಮಗ ಮೊಬೈಲ್ ಹಿಡಿದುಕೊಂಡು ಬಂದು ಕೇಳಿದ: "ಸಾರ್, ಈ ಬಿಳಿ ಔಷಧಿ ಕೊಟ್ಟರೆ ಕ್ಯಾನ್ಸರ್ ವಾಪಸ್ ಬರಲ್ಲ ಅಂತೆ, ಹೌದಾ?" ಅವನು ಓದಿದ್ದು ಪೂರ್ತಿ ಸುಳ್ಳೇನಲ್ಲ. 2016ರಲ್ಲಿ ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗ, ಗ್ಯಾಸ್ ಪಡೆದವರಲ್ಲಿ ಸಾವು ಜಾಸ್ತಿ ಕಂಡಿತ್ತು. ಆದರೆ ಅದು ದಾಖಲೆ ನೋಡಿ ಮಾಡಿದ ಲೆಕ್ಕ. ಯಾರಿಗೆ ಯಾವ ಅರಿವಳಿಕೆ ಅಂತ ಆಗ ವೈದ್ಯರೇ ಆರಿಸಿದ್ದರು. ಆಮೇಲೆ ಸ್ವೀಡನ್ನಿನವರು ಮುಂದೆ ನಿಂತು, ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿ ಅಧ್ಯಯನ ಮಾಡಿದರು. 2023ರಲ್ಲಿ ಬಂದ ಅದರ ಸ್ತನ ಕ್ಯಾನ್ಸರ್ ಫಲಿತಾಂಶದಲ್ಲಿ, ಐದು ವರ್ಷ ಬದುಕಿ ಉಳಿದವರ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ. ದೊಡ್ಡ ಕರುಳು ಮತ್ತು ಶ್ವಾಸಕೋಶದ ಕ್ಯಾನ್ಸರ್ ಸೇರಿಸಿಕೊಂಡು ಆಸ್ಟ್ರೇಲಿಯಾದವರ ಮುಂದಾಳತ್ವದಲ್ಲಿ ವೇಪರ್-ಸಿ ಅನ್ನುವ ದೊಡ್ಡ ಅಧ್ಯಯನ ಕೈಗೆತ್ತಿಕೊಂಡಿದ್ದಾರೆ. ನಾನು ಆ ಹುಡುಗನಿಗೆ ಹೇಳಿದ್ದು ಇಷ್ಟೇ: "ನೋಡಪ್ಪ, ನಿಮ್ಮ ತಂದೆಗೆ ಇದನ್ನೇ ಕೊಡುತ್ತೇನೆ. ಎದ್ದ ಮೇಲೆ ಹೊಟ್ಟೆ ತೊಳಸುವುದು ಕಡಿಮೆ ಇರುತ್ತದೆ, ಅದಕ್ಕೆ. ಕ್ಯಾನ್ಸರ್‌ಗೆ ಇದೇ ಔಷಧಿ ಅಂತ ನಂಬಿಕೊಂಡು ಕೀಮೋಗೆ ಮಂಗಳೂರಿಗೆ ಹೋಗುವುದನ್ನು ತಪ್ಪಿಸಬೇಡ."

ಆಪರೇಷನ್ ಮುಗಿದ ಮೇಲಿನ ಕೆಲಸ ಪಂಪಿಗಿಂತ ದೊಡ್ಡದು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ, ಕರುಳಿನ ಆಪರೇಷನ್ ಆದವರನ್ನು ಬೇಗ ಎಬ್ಬಿಸಿ, ಬೇಗ ತಿನ್ನಿಸಿ, ಬೇಗ ಮನೆಗೆ ಕಳಿಸಬಹುದು ಅಂತ ತೋರಿಸಿದರು. ನಮ್ಮ ವಾರ್ಡಿನಲ್ಲಿ ಇದಕ್ಕೆ ಎದುರು ನಿಂತದ್ದು ಔಷಧಿಯೂ ಅಲ್ಲ, ಸರ್ಜನ್ನರೂ ಅಲ್ಲ, ಮನೆಯವರು. "ಕರುಳು ಕತ್ತರಿಸಿ ಜೋಡಿಸಿದ್ದಾರೆ, ಗ್ಯಾಸ್ ಹೋಗದೆ ಊಟ ಹೇಗೆ ಕೊಡೋದು?" ಅಂತ ಅತ್ತೆ, ಅಜ್ಜಿಯರೆಲ್ಲ ಗಂಜಿ ಲೋಟ ಹಿಡಿದ ನರ್ಸನ್ನು ವಾಪಸ್ ಕಳಿಸುತ್ತಿದ್ದರು. ಈಗ ಆಪರೇಷನ್ ಹಿಂದಿನ ದಿನವೇ ಮನೆಯವರನ್ನೂ ಕೂರಿಸಿಕೊಂಡು, ಸಂಜೆ ಏನು ಕುಡಿಸಬೇಕು, ಮಾರನೇ ದಿನ ಎಷ್ಟು ಹೆಜ್ಜೆ ನಡೆಸಬೇಕು ಅಂತ ಬರೆದುಕೊಡುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ಯಾರಿಗೂ ಒತ್ತಾಯ ಮಾಡಬೇಕಾಗಿಲ್ಲ, ಅದು ಕಾಫಿ. 2012ರಲ್ಲಿ ಜರ್ಮನಿಯವರು ದೊಡ್ಡ ಕರುಳಿನ ಆಪರೇಷನ್ ಆದವರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಮೂರು ಸಲ ಕಾಫಿ, ಉಳಿದವರಿಗೆ ಬಿಸಿನೀರು ಕೊಟ್ಟು ನೋಡಿದರು. ಕಾಫಿ ಕುಡಿದವರಿಗೆ ಸುಮಾರು 60 ಗಂಟೆಗೆ ಮೊದಲ ಸಲ ಹೊಟ್ಟೆ ಹೋಯಿತು, ನೀರಿನವರಿಗೆ 74 ಗಂಟೆ. 80 ಜನರ ಚಿಕ್ಕ ಅಧ್ಯಯನ, ಅದರ ಮೇಲೆ ದೊಡ್ಡ ಮಾತು ಕಟ್ಟಲಾಗದು. ಆದರೆ ತೋಟದ ಕಾಫಿ ಮನೆಯಲ್ಲೇ ಹುರಿದು ಪುಡಿ ಮಾಡುವ ಊರಿನಲ್ಲಿ ಇದಕ್ಕಿಂತ ಸುಲಭದ ಔಷಧಿ ಯಾವುದಿದೆ? ಹಾಲು ಹಾಕದ ಕಾಫಿಯನ್ನು ಆಪರೇಷನ್‌ಗೆ ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು, ಹೊಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ಬೇರೆ ಕಡೆ ಹಾಲಿಲ್ಲದ ಕಾಫಿ ಅಂದರೆ ಮೂಗು ಮುರಿಯುತ್ತಾರೆ. ಇಲ್ಲಿ ಬೆಲ್ಲದ ಕರಿ ಕಾಫಿ ಮನೆಮನೆಯಲ್ಲಿ ಇರುವುದೇ. ಸಂಜೆ ಫ್ಲಾಸ್ಕಿನಲ್ಲಿ ತಂದುಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ಹಾಕಬೇಡಿ ಅಂತ ಚೀಟಿಯಲ್ಲಿ ಬರೆದಿರುತ್ತೇನೆ, ಆದರೂ ಸಿಸ್ಟರ್ ಒಂದು ಚಮಚ ರುಚಿ ನೋಡಿಯೇ ಒಳಗೆ ಬಿಡುತ್ತಾರೆ.